ತೊಟ್ಟಿಲಿನ ಮುಂದೆ ಬಡಿದ ರೊಟ್ಟಿ

ಕಪ್ಪತಗುಡ್ಡದ ಮಗ್ಗುಲು,
2231ನೇ ಇಸವಿ, ಹದಿಮೂರನೇ ತಿಂಗಳ ಮೂರನೇ ದಿನ

ಏಳು ತಲೆಮಾರಿನ ಹಿಂದಿನ ನನ್ನ ಅಜ್ಜಿಗೆ ನೀಲಗಂಗವ್ವನ ಶರಣು. ಹದಿಮೂರನೇ ತಿಂಗಳು ಎಲ್ಲಿಂದ ಬಂತೆಂದು ಹುಬ್ಬೇರಿಸಬೇಡ. ಪ್ರತಿ ತಿಂಗಳಿಗೂ ಇಪ್ಪತ್ತೆಂಟೇ ದಿನ ಹಂಚಿದ ಮೇಲೆ ಅದು ಮಿಕ್ಕಿತು. ನನ್ನ ಕೆಲವು ಮಾತುಗಳೂ ನಿನಗೆ ಹೊಸದಾಗಿ ಕೇಳಿಸಬಹುದು, ಮನ್ನಿಸು. ಸಂತೋಷ ತಡೆಯಲಾರದೆ ಬರೆಯುತ್ತಿದ್ದೇನೆ.

ನಮ್ಮ ಕಾಲದಲ್ಲಿ ರೊಟ್ಟಿಯನ್ನು ಯಂತ್ರವೇ ಬಡಿಯುತ್ತದೆ. ಒಂದು ದಿನ ಮಾತ್ರ ಅದಕ್ಕೆ ರಜೆ. ಕೂಸು ಮನೆಗೆ ಬಂದ ದಿನ ಮನೆಯ ಹಿರಿಯಳು ತೊಟ್ಟಿಲಿನ ಮುಂದೆ ಕುಳಿತು ಒಂದು ಜೋಳದ ರೊಟ್ಟಿ ಕೈಯಿಂದ ಬಡಿಯಬೇಕು. ಇದಕ್ಕೆ ‘ಕೈಸಪ್ಪಳ’ ಎನ್ನುತ್ತೇವೆ. ಕೂಸು ಆ ಸದ್ದು ಕೇಳಿಯೇ ಮನೆಯದಾಗುತ್ತದೆಂದು ನಂಬಿಕೆ. ನನ್ನ ಮೊಮ್ಮಗಳಿಗೆ ಹೆರಿಗೆಗೆ ಐದು ತಿಂಗಳಿದ್ದಾಗ ನನ್ನ ಬೆರಳು ಮಡಚುತ್ತಲೇ ಇರಲಿಲ್ಲ. ಬೆಳಿಗ್ಗೆ ಎದ್ದು ಎರಡು ತಾಸಾದರೂ ಕೈ ಮರದ ಹಲಗೆ. ಮುಪ್ಪು ಎಂದುಕೊಂಡು ಅದಕ್ಕೂ ಮುಂಚಿನ ವರ್ಷವಿಡೀ ಯಾರಿಗೂ ಹೇಳದೆ ಕೈಗವಸು ಹಾಕಿಕೊಂಡು ತಿರುಗಿದ್ದೆ. ಚಳಿ ಎಂದು ಸುಳ್ಳು ಬೇರೆ.

ತಂಗಿ ಗುರುಸಿದ್ದವ್ವ ಹೇಗೋ ಪತ್ತೆ ಹಚ್ಚಿದಳು. ಅವಳ ಅಕ್ಕರೆಗೆ ಮಿತಿಯುಂಟೆ? ದಿನಾ ಸಂಜೆ ಬಿಸಿ ಎಣ್ಣೆ ಹಚ್ಚಿ ತಿಕ್ಕಿದ್ದೇ ತಿಕ್ಕಿದ್ದು. ಬಾವು ಇಮ್ಮಡಿಯಾಯಿತು. ಕೊನೆಗೆ ವೈದ್ಯೆ ಚಂದ್ರಭಾಗಾಬಾಯಿಯ ಬಳಿ ಹೋದೆವು. ಅವರು ನಾಡಿ ಹಿಡಿದರು, ರಕ್ತ ತೆಗೆದರು, ಕೀಲಿನ ಒಳಗನ್ನು ತೋರಿಸುವ ‘ಬೆರಳುಗನ್ನಡಿ’ಯಲ್ಲಿ ಇಣುಕಿದರು. ಕೀಲು ಊದಿಸಿ ಸವೆಸುವ ಆಮವಾತ ಎಂದು ಹೇಳಿ, ತಂಗಿಯ ಕಡೆ ತಿರುಗಿ ಗದರಿದರು: “ಬಾವು ಇಳಿಯೂತನಕ ಎಣ್ಣಿ ಮುಟ್ಟಬ್ಯಾಡ್ರಿ ಯವ್ವಾ! ಉರಿಯೂ ಒಲಿಗೆ ಎಣ್ಣಿ ಹೊಯ್ದಂಗ ಆಗೇತಿ ನಿಮ್ಮ ಅಕ್ಕರಿ!”

ಎಣ್ಣೆ ಬೇಡವೆಂದ ಅದೇ ಚಂದ್ರಭಾಗಾಬಾಯಿಯವರು ಬರಿ ಹೊಟ್ಟೆಯಲ್ಲಿ ಔಡಲೆಣ್ಣೆ ಕುಡಿಸಿದರು! ನನ್ನ ಮುಖ ನೋಡಿ ತಂಗಿ ನಕ್ಕು ನಕ್ಕು ಸಾಕಾದಳು. ಆಮೇಲೆ ಶುಂಠಿ, ಅಮೃತಬಳ್ಳಿ ಹಾಕಿ ಕುದಿಸಿದ ಕಷಾಯ, ಲಕ್ಕಿಸೊಪ್ಪು ಸೇರಿಸಿ ಹುರಿದ ಮರಳಿನ ಗಂಟಿನ ಒಣ ಶಾಖ. ಮೊಸರು ಬಂದ್, ಉದ್ದು ಬಂದ್. ಕೀಲು ಸವೆಯದಂತೆ ತಡೆಯುವ ಗುಳಿಗೆಯನ್ನೂ ಅವರೇ ಕೊಟ್ಟರು. ಕಷಾಯ ಹಿತವಾಯಿತೆಂದು ಗುಳಿಗೆ ಬಿಟ್ಟೀರಿ ಜೋಕೆ ಎಂದರು. ಎಣ್ಣೆ ಕಳೆದುಕೊಂಡ ತಂಗಿ ಈಗ ಮರಳು ಹುರಿಯುವುದರಲ್ಲಿ ಪಂಡಿತೆ.

ನಿನ್ನೆ ಕೂಸು ಬಂತು. ಹಿಟ್ಟು ನಾದಿ ಕುಳಿತಾಗ ನನ್ನ ಎದೆಯೇ ಕೈಗಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು. ಬಡಿದೆ ಅಜ್ಜಿ! ರೊಟ್ಟಿ ಕರ್ನಾಟಕದ ನಕ್ಷೆಯ ಹಾಗೆ ಆಯಿತು, ಅಂಚೆಲ್ಲ ಸೀಳಿತು. ಅಳುತ್ತಿದ್ದ ಕೂಸು ಸುಮ್ಮನಾಗಿ ಕಿವಿಗೊಟ್ಟಿತು. ಮನೆಯವರೆಲ್ಲ ಆ ಒಂದೇ ರೊಟ್ಟಿಗೆ ಕಿತ್ತಾಡಿದರು.

ಆದರೂ ಬಲಗೈಯ ಎರಡು ಬೆರಳು ಡೊಂಕಾಗಿಯೇ ಉಳಿದವು. ಸವೆದುಹೋದದ್ದು ತಿರುಗಿ ಬರುವುದಿಲ್ಲ ಎಂದರು ವೈದ್ಯೆ. ನಾನು ಬಚ್ಚಿಟ್ಟ ಆ ಒಂದು ವರ್ಷ ನುಂಗಿದ ಬೆರಳುಗಳು ಅವು. ಇಂದು ಬೆಳಿಗ್ಗೆ ಮನೆಯ ಹಳೆಯ ಫೋಟೋಗಳಲ್ಲಿ ನಿನ್ನನ್ನು ಹುಡುಕಿದೆ. ಪ್ರತಿಯೊಂದರಲ್ಲೂ ನಗುತ್ತೀ, ಪ್ರತಿಯೊಂದರಲ್ಲೂ ನಿನ್ನ ಕೈ ಸೆರಗಿನೊಳಗಿದೆ.

ಅಜ್ಜಿ, ನಾಳೆಯೇ ಹೋಗಿ ಆ ಕೈ ವೈದ್ಯರಿಗೆ ತೋರಿಸು.