ಆಲದ ಮರದ ಅರ್ಜಿ

ಪುಣೆ, ೧೬ ಮೇ ೧೯೩೮, ಬೆಳಿಗ್ಗೆ

ಇವರು ಅಂಗಡಿಗೆ ಹೋದರು. ತಿರುವಿನವರೆಗೂ ಬಾಲ್ಕನಿಯಿಂದ ನೋಡಿದೆ. ಒಮ್ಮೆ ಹಿಂತಿರುಗಿ ನೋಡಿದರು — ಹೌ ಸ್ವೀಟ್! ಮದುವೆಯಾಗಿ ನಲವತ್ತೊಂದು ದಿನ. ಓಣಿಯ ಬಾಯಲ್ಲಿ ಮುದಿ ಆಲದ ಮರ. ಅರ್ಧ ಒಣಗಿದೆ, ಆದರೂ ಎಷ್ಟು ಗ್ರ್ಯಾಂಡ್! ಅದರ ಕೆಳಗೆ ಹೂ ಮಾರುವ ಕೃಷ್ಣಾಬಾಯಿ. ನನಗೆ ದಿನಾ ಒಂದು ಗೇಣು ಮಲ್ಲಿಗೆ ಹೆಚ್ಚು. ಗಂಡನಿಲ್ಲ, ಮಕ್ಕಳಿಲ್ಲ. ಇಪ್ಪತ್ತು ವರ್ಷದಿಂದ ಆ ನೆರಳೇ ಅಂಗಡಿಯಂತೆ.

೧೮ ಮೇ

ಮುನಿಸಿಪಾಲಿಟಿಯವರು ಮರಕ್ಕೆ ಸುಣ್ಣದ ಗೆರೆ ಎಳೆದು ಹೋಗಿದ್ದಾರೆ. ಕಡಿಯುತ್ತಾರಂತೆ. ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ. ಅತ್ತೆಗೆ ಎಂಥ ಹೆಮ್ಮೆ! “ನಮ್ಮ ಸೊಸಿ ಕಾನ್ವೆಂಟ್‌ನ್ಯಾಗ ಕಲತಾಕಿ. ಇಂಗ್ಲಿಷ್‌ನ್ಯಾಗ ಅರ್ಜಿ ಬರೀತಾಳ, ಸಾಹೇಬ ಕರಗಬೇಕು.”

೧೯ ಮೇ

ಮೂರು ಪುಟ! ಬೆಳಗಾವಿ ಕಾನ್ವೆಂಟಿನ ಸಿಸ್ಟರ್ ನೋಡಿದ್ದರೆ ಪ್ರೈಜ್ ಕೊಡುತ್ತಿದ್ದರು. ಮರವನ್ನು ಅಜ್ಜಿ ಮಾಡಿದ್ದೇನೆ — ಬೆನ್ನು ರಸ್ತೆಗೆ ಬಾಗಿದೆ, ಎದೆ ಪೊಳ್ಳಾಗಿದೆ, ಗಾಳಿ ಬಂದರೆ ನರಳುತ್ತಾಳೆ, ಇನ್ನೆಷ್ಟು ದಿನ ಇದ್ದಾಳು, ಬಿಟ್ಟುಬಿಡಿ… ನನಗೇ ಅಳು ಬಂತು. ಇಂಗ್ಲಿಷಿನಲ್ಲೇ ಎಲ್ಲರಿಗೂ ಓದಿದೆ. ಒಂದಕ್ಷರ ತಿಳಿಯದಿದ್ದರೂ ಕೃಷ್ಣಾಬಾಯಿ ಕಣ್ಣೊರೆಸಿಕೊಂಡಳು. ಮೊದಲ ಹೆಬ್ಬೆಟ್ಟು ಅವಳದೇ. ಇವರು ಓದಿ ಫಸ್ಟ್ ಕ್ಲಾಸ್ ಎಂದರು.

೨ ಜೂನ್

ಓವರ್‌ಸೀಯರ್ ಈರಬಸಪ್ಪ ಬಂದಿದ್ದರು. ನಮ್ಮ ಕಡೆಯವರೇ, ಧಾರವಾಡದವರು. ಕೈಯಲ್ಲಿ ನನ್ನ ಅರ್ಜಿ. ಸುಣ್ಣದ ಗೆರೆ ಒಂದು ಒಣ ಕೊಂಬೆಗೆ ಮಾತ್ರವಂತೆ. ಮರ ಕಡಿಯುವ ಮಾತೇ ಇರಲಿಲ್ಲ.

“ಪೊಳ್ಳಾಗೇದ, ರಸ್ತಾಕ್ಕ ಬಾಗೇದ ಅಂತ ನೀವ ಬರದೀರಿ, ತಂಗೆವ್ವ. ಓಣಿ ಮಂದಿ ಎಲ್ಲಾ ಹೆಬ್ಬೆಟ್ಟು ಒತ್ತ್ಯಾರ. ನಾಳೆ ಯಾರ ಮ್ಯಾಲರೆ ಬಿದ್ರ ಸಾಹೇಬರ ಕುತ್ತಿಗಿಗೆ ಬರತದ. ಬುಡಸಹಿತ ತೆಗೀರಿ ಅಂದ್ರು.”

ಬಿಟ್ಟುಬಿಡಿ ಎಂದೂ ಬರೆದಿದ್ದೆನಲ್ಲ, ಎಂದೆ.

“ಅದು ಮೂರನೇ ಪುಟದಾಗ ಅದರಿ. ಸಾಹೇಬರು ಒಂದನೇದು ಓದ್ಯಾರ.”

ಇವರು ಅರ್ಜಿಯನ್ನು ಮತ್ತೊಮ್ಮೆ ಓದಿದರು. ಈ ಸಲ ಮಡಿಸಿ ಈರಬಸಪ್ಪನವರ ಕೈಗೇ ಕೊಟ್ಟರು. ಅತ್ತೆ ಬಾಗಿಲು ಹಾಕಿ ಬಂದರು. “ಓಣ್ಯಾಗ ಯಾರ ಮುಂದನೂ ಬಾಯಿ ಬಿಡಬ್ಯಾಡ.”

೧೨ ಜೂನ್, ವಟಪೂರ್ಣಿಮೆ

ಮೂರು ದಿನದ ಹಿಂದೆ ಕಡಿದರು. ಇವತ್ತು ಹೆಂಗಸರು ಆಲಕ್ಕೆ ದಾರ ಸುತ್ತುವ ದಿನ. ಊರಲ್ಲಿ ಮಾಡದ ಪೂಜೆ, ಅತ್ತೆ ಪುಣೆಗೆ ಬಂದಮೇಲೆ ಹಿಡಿದದ್ದು. ಬಿದ್ದ ಮರದ ಟೊಂಗೆಗಳನ್ನು ಕೃಷ್ಣಾಬಾಯಿ ಮಾರಿದಳು. ಅತ್ತೆ ಒಂದು ತಂದರು. ಇವರ ಆಯುಷ್ಯಕ್ಕೆಂದು ಸತ್ತ ಟೊಂಗೆಗೆ ದಾರ ಸುತ್ತಿದೆ. ಎಲೆ ಉದುರಿತು. ಅತ್ತೆ ನನ್ನ ಮುಖ ನೋಡಲಿಲ್ಲ.

೨೧ ಜೂನ್

ಮಳೆಯಿಲ್ಲ. ಹತ್ತು ಗಂಟೆಗೇ ಹೂ ಬಾಡುತ್ತದೆ. ಕೃಷ್ಣಾಬಾಯಿಯನ್ನು ಅಂಗಡಿಯವರು ಮೆಟ್ಟಿಲಿಂದ ಮೆಟ್ಟಿಲಿಗೆ ಎಬ್ಬಿಸುತ್ತಾರೆ. ಬಾಲ್ಕನಿಗೆ ಹೋಗುವುದನ್ನು ಬಿಟ್ಟೆ.

೨೫ ಜೂನ್, ಮಧ್ಯಾಹ್ನ

ಕೃಷ್ಣಾಬಾಯಿ ಪಡಸಾಲೆಯಲ್ಲಿ ಕೂತಿದ್ದಾಳೆ. ಬೇರೆ ಜಾಗ ಕೊಡಿರೆಂದು ಅರ್ಜಿ ಬೇಕು. ನಾನು ಅಷ್ಟು ಚಂದ ಬರೆದರೂ ಆ ಜನಕ್ಕೆ ಕರುಣೆ ಬರಲಿಲ್ಲವಂತೆ. “ಈ ಸಲ ನನ್ನ ವಯಸ್ಸು, ಮೊಣಕಾಲು ನೋವು, ಯಾರೂ ಇಲ್ಲದ್ದು, ಎಲ್ಲಾ ಬರೀರಿ ವೈನಿ.”

ಅತ್ತೆ ಒಳಗಿನಿಂದ ನೋಡುತ್ತಿದ್ದಾರೆ. ಹಾಳೆ ಕೆಡಿಸುವ ಮೊದಲು ಇಲ್ಲಿಯೇ ಬರೆದು ನೋಡುತ್ತೇನೆ. ಮುದುಕಿ — ಬೇಡ. ಕಣ್ಣು ಮಂದ — ಬೇಡ. ಈಕೆ ಗಟ್ಟಿಮುಟ್ಟಾಗಿದ್ದಾಳೆ. ಯಾರಿಗೂ ಅಡ್ಡಿಯಿಲ್ಲ. ಇನ್ನೂ ಬಹಳ ವರ್ಷ…