ಉಳಿದ ನೀರನ್ನು ಕಾಯುವವರು ಯಾರು?

ಅಣುಶಕ್ತಿ ಕಾರ್ಖಾನೆಯ ತ್ಯಾಜ್ಯದ ಉಸ್ತುವಾರಿ ಹೊತ್ತ ಮಾನ್ಯರೇ,

ನನ್ನ ನಾಲ್ಕು ಪತ್ರಗಳಿಗೆ ತಾವು ದಯಪಾಲಿಸಿದ ಒಂದೇ ಸಾಲಿನ ಉತ್ತರ ಕೈಸೇರಿದೆ: "ಸಾರ್ವಜನಿಕರು ಚಿಂತಿಸುವ ಕಾರಣವಿಲ್ಲ." ಓದಿ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು. ಕಳೆದ ವರ್ಷ ಇದೇ ಮಾತನ್ನು ನಾನೂ ಒಬ್ಬ ತಾಯಿಗೆ ಹೇಳಿದ್ದೆ. ತಮ್ಮದು ಜ್ಞಾನದಿಂದ ಬಂದದ್ದಿರಬಹುದು; ನನ್ನದು ಶುದ್ಧ ಅಜ್ಞಾನದ್ದು.

ನಾನು ಇಂಡಿ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ನಮ್ಮ ಪ್ರಯೋಗಶಾಲೆಯಲ್ಲಿ ಮೂರು ಗಾಜಿನ ನಳಿಗೆ, ಒಂದು ಸ್ಪಿರಿಟ್ ದೀಪ ಇವೆ. ಇಷ್ಟರ ಬಲದ ಮೇಲೆ ನಾನು ಅಣುವಿಜ್ಞಾನದ ಪಂಡಿತನೆಂದು ತಾಲೂಕೇ ನಂಬಿತ್ತು. ತಾಲೂಕಿಗಿಂತ ಮೊದಲು ನಾನೇ ನಂಬಿದ್ದೆ.

ಸಾಲೋಟಗಿಯ ಸುಲ್ತಾನಬಿಯವರ ಒಬ್ಬನೇ ಮಗ ಅಮೀನುದ್ದೀನ ನನ್ನ ಹಳೆಯ ವಿದ್ಯಾರ್ಥಿ, ಈಗ ತಮ್ಮಲ್ಲಿ ಫಿಟ್ಟರ್. ಉರಿದ ಯುರೇನಿಯಂ ಸರಳುಗಳನ್ನು ಆಮ್ಲದಲ್ಲಿ ಕರಗಿಸಿ, ಬೇಕಾದದ್ದನ್ನು ಬೇರ್ಪಡಿಸಿದ ಮೇಲೆ ಉಳಿಯುವ ದ್ರವವನ್ನು ತುಂಬಿಡುವ ಟಾಕಿಗಳ ಹತ್ತಿರ ಅವನ ಕೆಲಸ. ಅಲ್ಲಿ ತೊಟ್ಟ ಬಟ್ಟೆಯನ್ನು ಹೊರಗೆ ತರಲು ಬಿಡುವುದಿಲ್ಲವೆಂದು ಬರೆದಿದ್ದ. ಪತ್ರ ಓದಿಸಿಕೊಳ್ಳಲು ಬಂದ ತಾಯಿ, ಅದೆಂಥ ನೀರು ಎಂದು ಕೇಳಿದರು. ಗೊತ್ತಿಲ್ಲ ಎನ್ನಲು ನನ್ನ ಕೋಟು ಅಡ್ಡಬಂತು. ಬೆಣ್ಣೆ ತೆಗೆದ ಮಜ್ಜಿಗೆಯಂತೆ, ಅದರಲ್ಲೇನೂ ಇರುವುದಿಲ್ಲ ಎಂದೆ. ಅವರು ನೆಮ್ಮದಿಯಿಂದ ಹೋದರು. ಅದನ್ನೇ ನಾನು ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಭಾಷಣ ಮಾಡಿ ಹಾರ ಹಾಕಿಸಿಕೊಂಡೆ.

ಕೊನೆಯ ಭಾಷಣ ಸಾಲೋಟಗಿಯಲ್ಲಿ. ರಜೆಗೆ ಬಂದಿದ್ದ ಅಮೀನುದ್ದೀನ ತಾಯಿಯೊಡನೆ ಕೂತು ಪೂರ್ತಿ ಕೇಳಿದ. ಜನ ಚದುರಿದ ಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಸರ, ಅದು ಮಜ್ಜಿಗಿ ಅಲ್ರಿ. ಬೇಕಾದ್ದು ತಗದ ಮ್ಯಾಲೂ ವಿಷ ಎಲ್ಲಾ ಅದರಾಗ ಉಳೀತೈತಿ."

ಆ ದ್ರವ ತನ್ನಷ್ಟಕ್ಕೆ ತಾನೇ ಬಿಸಿಯಾಗುತ್ತದಂತೆ. ಉಕ್ಕಿನ ಟಾಕಿಯಲ್ಲಿಟ್ಟು, ದಪ್ಪ ಗೋಡೆ ಕಟ್ಟಿ, ಸದಾ ತಂಪು ಮಾಡುತ್ತಿರಬೇಕಂತೆ. ಅದನ್ನು ಒಣಗಿಸಿ, ಕರಗಿದ ಗಾಜಿನೊಳಗೆ ಬಂಧಿಸುವ ಪ್ರಯೋಗ ನಡೆದಿದೆಯಂತೆ. ಹೇಗಿದ್ದರೂ ನೂರಾರು ವರ್ಷ ಕಾವಲು ಬೇಕೇ ಬೇಕಂತೆ.

ಸುಲ್ತಾನಬಿ ಕೇಳಿದರು: "ನೀ ಎಷ್ಟ ವರ್ಷ ಕಾಯ್ತಿ?"

ನೌಕರಿ ಇರುವತನಕ ಎಂದ.

"ಆಮ್ಯಾಲ ಯಾರು ಕಾಯ್ತಾರ?"

ಮಗ ನನ್ನ ಮುಖ ನೋಡಿದ. ನಾನು ಕೊರಳಿನ ಹಾರ ನೋಡಿಕೊಂಡೆ.

ಆ ತಾಯಿ ಮಗನನ್ನು ತಡೆಯಲಿಲ್ಲ. ತಿಳಿದವನು ಅಲ್ಲಿರುವುದೇ ಒಳ್ಳೆಯದೆಂದು ಬುತ್ತಿ ಕಟ್ಟಿ ಕಳಿಸಿದರು. ನನಗೆ ಮಾತ್ರ ಹೇಳಿದರು: "ಮಾಸ್ತರ, ಗೊತ್ತಿಲ್ಲ ಅಂದಿದ್ರ ನಾ ಅವತ್ತ ಮಗನ್ನ ಕೇಳ್ತಿದ್ನಿ. ನಿಮ್ಮ ಮಾತ ನಂಬಿ ಒಂದ ವರ್ಷ ಸುಮ್ಮನ ಕುಂತ್ನಿ."

ಮರುವಾರದಿಂದ ಬಸ್ಸು ಹತ್ತಿ ಅವೇ ಊರುಗಳಿಗೆ ಹೋಗಿ, ನಾನು ಹೇಳಿದ್ದು ತಪ್ಪೆಂದು ಸಾರಿಬಂದೆ. ಮುದ್ದೇಬಿಹಾಳದಲ್ಲಿ ಚಹಾ ಕೂಡ ಕೊಡಲಿಲ್ಲ.

ಮಾನ್ಯರೇ, ಸುಲ್ತಾನಬಿಯವರ ಪ್ರಶ್ನೆಗೆ ಕನ್ನಡದಲ್ಲಿ, ತಮ್ಮ ಸಹಿಯೊಡನೆ ಉತ್ತರ ಬೇಕು: ಅಮೀನುದ್ದೀನನ ನಂತರ ಯಾರು? ತಿಳಿಯದಿದ್ದರೆ "ಇನ್ನೂ ಗೊತ್ತಿಲ್ಲ" ಎಂದೇ ಬರೆಯಿರಿ. ಆ ಎರಡು ಶಬ್ದ ಬರೆಯುವುದು ಎಷ್ಟು ಕಷ್ಟವೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಇಂತಿ,
ಆ ಶಬ್ದಗಳನ್ನು ಹೇಳಲು ನಲವತ್ತೊಂಬತ್ತು ವರ್ಷ ತೆಗೆದುಕೊಂಡ
ಪರಮಾನಂದ, ವಿಜ್ಞಾನ ಶಿಕ್ಷಕ
ಇಂಡಿ, ೧೯೬೭