ನಲ್ಲಿ ಮುಚ್ಚಿದವಳ ಪರವಾಗಿ

ಕೊಯ್ಹೈಕೆ
ಜುಲೈ ೧೧, ೧೯೮೬

ಎಲಿಯೆಸೆರ್,

ನಿನ್ನ ನಾಲಿಗೆಗೆ ಬರೆ ಹಾಕಬೇಕು. ಹತ್ತಿರ ಇದ್ದಿದ್ದರೆ ಕೆಂಡದ ಇಕ್ಕಳದಲ್ಲೇ ಹಾಕುತ್ತಿದ್ದೆ. ಹೆಂಡತಿಗೆ ಹೇಳುವ ಮಾತನ್ನು ರೇಡಿಯೊದಲ್ಲಿ ಓದಿಸುವ ಗಂಡಸು ಈ ಕಣಿವೆಯಲ್ಲಿ ಇದುವರೆಗೆ ಹುಟ್ಟಿರಲಿಲ್ಲ, ನಮ್ಮ ಮನೆಯಲ್ಲಿ ನೀನು ಹುಟ್ಟಿದೆ. ಮಧ್ಯಾಹ್ನದ ಸಂದೇಶಗಳ ಹೊತ್ತಿಗೆ ಇಲ್ಲಿ ಪ್ರತಿ ಮನೆಯಲ್ಲೂ ಬಾಯಿ ಸೂಪಿನಲ್ಲಿ, ಕಿವಿ ರೇಡಿಯೊದಲ್ಲಿ ಇರುತ್ತದೆಂದು ನಿನಗೆ ಗೊತ್ತಿಲ್ಲವೆ? ಮೊದಲು ಯಾರದೋ ಕಂದು ಕುದುರೆ ತಪ್ಪಿಸಿಕೊಂಡಿದೆ ಎಂದು ಓದಿದರು. ಆಮೇಲೆ ಹೊಳೆಯಾಚೆಯವರಿಗೆ ಹಿಟ್ಟಿನ ಮೂಟೆ ಬಂದಿದೆ, ಬಂದು ಒಯ್ಯಲಿ ಎಂದರು. ಅದರ ಹಿಂದೆಯೇ ನೀನು: 'ಯಾಸ್ನಾಗೆ, ಎಲಿಯೆಸೆರನಿಂದ. ಮುಂದಿನ ಹಡಗಿನಲ್ಲಿ ನಿನ್ನ ತಾಯಿಯ ಮನೆಗೆ ಹೋಗು. ಉತ್ತರ ಬೇಕಿಲ್ಲ.'

ಯಾಸ್ನಾ ಕೈಯಲ್ಲಿದ್ದ ಬಟ್ಟಲನ್ನು ಮೇಜಿನ ಮೇಲಿಟ್ಟಳು. "ಅಜ್ಜಿ, ಸೂಪಿಗೆ ಉಪ್ಪು ಸಾಕಾ?" ಎಂದು ಕೇಳಿದಳು. ಅಷ್ಟೇ.

ನಿನ್ನ ಅಜ್ಜ ಹೋದ ಸುದ್ದಿಯನ್ನು ನಾನೂ ರೇಡಿಯೊದಲ್ಲೇ ಹೇಳಿಸಿದೆ, ನಿಜ. ಸಾವಿನ ಸುದ್ದಿ ಊರಿಗೆ ತಿಳಿಯಬೇಕಾದ್ದು. ನಿನ್ನದು ಹಾಗಲ್ಲ. ಬಿರುಗಾಳಿಗೆ ಬಂದರು ಮುಚ್ಚಿ ನೀನು ಮಣ್ಣಿಗೆ ಬರಲಾಗಲಿಲ್ಲ, ಅದಕ್ಕೆ ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಪೂರ್ತಿ ಸಂಗತಿ ಬರೆಯಲು ನಾನೂ ತಡ ಮಾಡಿದೆ. ಬೆರಳೆಲ್ಲ ಚಳಿಗೆ ಊದಿ ಬಿರಿದಿವೆ, ಪೆನ್ನು ಕಂಕುಳಲ್ಲಿ ಕಾಯಿಸಿಕೊಂಡರೆ ಎರಡು ಸಾಲು ಬರೆಯುತ್ತದೆ, ಮತ್ತೆ ಸತ್ತುಹೋಗುತ್ತದೆ. ನನ್ನ ಅಕ್ಷರ ಮೊದಲೇ ಕೋಳಿ ಕೆದರಿದ ಹಾಗೆ. ನಿಧಾನವಾಗಿ ಓದು. ಬೇರೆ ಯಾರಿಂದಲೂ ಓದಿಸಬೇಡ.

ನಿನಗೆ ಚಾಡಿ ಮುಟ್ಟಿಸಿದವನು ಪಕ್ಕದ ಮನೆ ಎದೆಲ್ಮೀರಾಳ ಮಗನೇ ಇರಬೇಕು, ನಿಮ್ಮ ದೋಣಿಯಲ್ಲೇ ಇದ್ದಾನಲ್ಲ. 'ನಿನ್ನ ಹೆಂಡತಿ ನಲ್ಲಿ ಮುಚ್ಚಿದಳು, ಅದಕ್ಕೇ ನಿನ್ನ ಅಜ್ಜ ಸತ್ತ' ಎಂದಿರುತ್ತಾನೆ. ಹೌದು, ಮುಚ್ಚಿದಳು. ಈಗ ಉಳಿದದ್ದನ್ನು ನನ್ನಿಂದ ಕೇಳು.

ಚಳಿಗಾಲದ ರಾತ್ರಿ ಪೈಪಿನಲ್ಲಿ ನೀರು ಹೆಪ್ಪುಗಟ್ಟದಂತೆ ನಲ್ಲಿಯನ್ನು ಸಣ್ಣಗೆ ಅಳಲು ಬಿಡಬೇಕು ಎಂಬುದು ನಿನಗೆ ತೊಟ್ಟಿಲಿನಿಂದ ಗೊತ್ತು. ಅವಳಿಗೆ ಯಾರು ಹೇಳಿಕೊಡಬೇಕಿತ್ತು? ನೀನು ಮದುವೆ ಮಾಡಿಕೊಂಡು, ತಂದು ನಮ್ಮ ಬಾಗಿಲಲ್ಲಿ ಇಳಿಸಿ, ಮೀನು ಹಿಡಿಯಲು ಹೋದೆ. ಅವಳ ಮರಳುಗಾಡಿನ ಊರಿಗೆ ನೀರು ಲಾರಿಯಲ್ಲಿ ಬರುತ್ತದೆ. ಮುಖ ತೊಳೆದ ನೀರಲ್ಲೇ ನೆಲ ಒರೆಸಿ, ಮಿಕ್ಕಿದ್ದನ್ನು ಗಿಡಕ್ಕೆ ಹಾಕಿ ಬೆಳೆದವಳು. ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಎದ್ದಳು.

"ಅಜ್ಜಾ, ರಾತ್ರಿಯಿಡೀ ನೀರು ಸುಮ್ನೆ ಹೋಗ್ತಾನೇ ಇರುತ್ತೆ. ನನಗೆ ನಿದ್ದೇನೇ ಬರಲ್ಲ" ಎಂದಳು.

ನಿನ್ನ ಅಜ್ಜ ನಕ್ಕ. "ಅದು ಪೋಲಾಗ್ತಿಲ್ಲ ಮಗಳೇ, ಅಳ್ತಾ ಇದೆ. ಅದು ಅತ್ರೆ ನಾವು ಬೆಳಿಗ್ಗೆ ನಗ್ತಾ ಏಳ್ತೀವಿ. ನಿಮ್ಮಜ್ಜಿ ಒಬ್ಬಳನ್ನ ಬಿಟ್ಟು."

ಆಮೇಲೆ ಅವಳು ಮುಟ್ಟಲಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುತ್ತಿದ್ದಳು. ಜೂನ್ ಕೊನೆಯಲ್ಲಿ, ನಡುಚಳಿಗಾಲದ ಸಂತ ಹುವಾನನ ಹಬ್ಬ ಕಳೆದ ಮೇಲೆ ಅವಳಿಗೆ ಜ್ವರ ಹಿಡಿಯಿತು, ಮೈ ಸುಡುತ್ತಿತ್ತು. ಆ ರಾತ್ರಿಯೇ ಹಾಳು ಚಳಿಯೂ ಇಳಿಯಿತು, ಬೇಲಿಯ ಮೇಲೆ ಕೂತ ಹಕ್ಕಿ ಕೂತಲ್ಲೇ ಸಾಯುವಂಥ ಚಳಿ. ನೀರು ಕುಡಿಯಲು ಎದ್ದಿದ್ದಾಳೆ, ಜ್ವರದ ಮಂಪರಿನಲ್ಲಿ ನಲ್ಲಿ ತಿರುಗಿಸಿ ಬಿಗಿಯಾಗಿ ಮುಚ್ಚಿ ಬಂದಿದ್ದಾಳೆ. "ನನಗೆ ನೆನಪೇ ಇಲ್ಲ ಅಜ್ಜಿ, ಕೈ ತಾನೇ ಮುಚ್ಚಿಬಿಟ್ಟಿದೆ" ಎನ್ನುತ್ತಾಳೆ. ನಾನು ನಂಬುತ್ತೇನೆ. ಕೈ ಚಿಕ್ಕಂದಿನಲ್ಲಿ ಕಲಿತದ್ದನ್ನು ನಾವು ಸತ್ತರೂ ಬಿಡುವುದಿಲ್ಲ.

ಈಗ ಅಜ್ಜನ ವಿಷಯ. ಒಲೆಯೊಳಗೆ ನೀರು ಕಾಯಿಸುವ ಸುರುಳಿ ಕೊಳವೆ ಕೂರಿಸಿದವನು ಅವನೇ. ಬೆಳಿಗ್ಗೆ ಮೊದಲು ಬಿಸಿನೀರಿನ ನಲ್ಲಿ ತಿರುಗಿಸಬೇಕು, ನೀರು ಬಂದರಷ್ಟೇ ಕಡ್ಡಿ ಗೀರಬೇಕು, ನೀರು ಕಟ್ಟಿದ್ದರೆ ಒಲೆಯ ಹತ್ತಿರವೂ ಹೋಗಬಾರದು ಎಂದು ನಮಗೆಲ್ಲ ಕಿವಿ ಹಿಂಡಿ ಹೇಳಿಕೊಟ್ಟವನೂ ಅವನೇ. ನೀನು ಒಮ್ಮೆ ನೀರು ನೋಡದೆ ಕಡ್ಡಿ ಗೀರಿದ್ದಕ್ಕೆ ಬೆಲ್ಟಿನಲ್ಲಿ ಬಾರಿಸಿದ್ದ, ನೆನಪಿದೆಯೆ? ಆ ಬೆಳಿಗ್ಗೆ ಅವನು ನಲ್ಲಿ ತಿರುಗಿಸಲಿಲ್ಲ. ನಾನು ಹಾಸಿಗೆಯಲ್ಲಿದ್ದೆ. "ಹುಡುಗಿಗೆ ಜ್ವರ, ಅವಳು ಏಳೋದ್ರೊಳಗೆ ಮನೆ ಬೆಚ್ಚಗಾಗ್ಲಿ" ಅಂದ. "ಚಕ್ಕೆ ಬುಟ್ಟೀಲಿದೆ" ಅಂದೆ. ಅವನಿಗೆ ನಾನು ಹೇಳಿದ ಕೊನೆಯ ಮಾತು ಅದು, ಚಕ್ಕೆ ಬುಟ್ಟಿಯಲ್ಲಿದೆ.

ಪೈಪಿನಲ್ಲಿ ಎರಡೂ ಕಡೆ ನೀರು ಗಡ್ಡೆಯಾಗಿತ್ತು. ನಡುವೆ ಸುರುಳಿಯಲ್ಲಿದ್ದದ್ದು ಕುದಿದು, ಆವಿಗೆ ದಾರಿ ಸಿಗದೆ ಒಡೆಯಿತು. ಬಂದೂಕು ಹೊಡೆದ ಹಾಗಾಯಿತು. ಒಲೆಯ ಕಬ್ಬಿಣದ ಮುಚ್ಚಳ ಸೂರಿಗೆ ಹೋಗಿ ಕಚ್ಚಿತ್ತು, ಇನ್ನೂ ಅಲ್ಲೇ ಇದೆ. ಕುದಿನೀರು, ಕೆಂಡ, ಎಲ್ಲ ಅವನ ಮುಖ ಎದೆಗೆ. ನಾನು ಚಪ್ಪಲಿ ಹುಡುಕುತ್ತಿದ್ದೆ, ಅವಳು ಜ್ವರದ ಮೈಯಲ್ಲಿ ಬರಿಗಾಲಲ್ಲಿ ಓಡಿ ಬಂದು, ಅವನನ್ನು ಕಂಕುಳಿಗೆ ಕೈಹಾಕಿ ಅಂಗಳದ ಹಿಮಕ್ಕೆ ಎಳೆದಳು. ಆಸ್ಪತ್ರೆಗೆ ಒಯ್ದೆವು, ಉಳಿಯಲಿಲ್ಲ. ಅವಳ ಅಂಗಾಲಿನ ಸುಟ್ಟ ಗಾಯ ಇನ್ನೂ ಒಣಗಿಲ್ಲ. ಇದನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ.

ಈಗ ಹೇಳು, ಯಾರನ್ನು ನೇಣಿಗೆ ಹಾಕುತ್ತೀ? ಮುಚ್ಚಿದವಳನ್ನೋ, ನೋಡದೆ ಕಡ್ಡಿ ಗೀರಿದವನನ್ನೋ, ಹಾಸಿಗೆಯಿಂದ ಏಳದ ನನ್ನನ್ನೋ, ಹೆಂಡತಿಗೆ ಚಳಿ ಅಂದರೇನೆಂದು ಹೇಳದೆ ಹೋದ ನಿನ್ನನ್ನೋ?

ಊರು ಆಗಲೇ ತೀರ್ಮಾನ ಮಾಡಿದೆ. ನಿನ್ನ ಸಂದೇಶ ಬಂದ ಮಾರನೆಯ ದಿನ ಎದೆಲ್ಮೀರಾ ಕರಿದ ರೊಟ್ಟಿ ತಂದಳು, ಜೊತೆಗೆ ತನ್ನ ಬಾಯನ್ನೂ ತಂದಳು.

"ಜುನಿಲ್ದಾ, ಹುಡುಗ ಸರಿಯಾಗೇ ಹೇಳಿದ್ದಾನೆ. ಮರಳುಗಾಡಿನವಳನ್ನ ಮನೆ ತುಂಬಿಸಿಕೊಂಡ್ರೆ ಇನ್ನೇನಾಗುತ್ತೆ? ಅವಳಿಗೇನು ಗೊತ್ತು ಚಳಿ ಅಂದ್ರೆ?"

"ನಿನಗೇನು ಗೊತ್ತು ಬಿಸಿಲು ಅಂದ್ರೆ?" ಅಂದೆ. "ಅವಳ ಊರಲ್ಲಿ ನಿನ್ನ ಬಿಟ್ರೆ ಸಂಜೆ ಹೊತ್ತಿಗೆ ಒಣಮೀನು ಆಗಿರ್ತೀಯ."

"ಒಳ್ಳೇದಕ್ಕೆ ಹೇಳಿದೆ ಕಣೇ. ಅಡಿಗೆಮನೇಲಿ ಅವಳ ಮುಖ ನೋಡಿದಾಗೆಲ್ಲ ನಿನಗೆ ನಿನ್ನ ಮುದುಕ ಸಿರಿಯಾಕೋ ನೆನಪಾಗಲ್ವ?"

"ಆಗ್ತಾನೆ. ರೊಟ್ಟಿ ಇಟ್ಟು ಹೋಗು."

ಯಾಸ್ನಾ ಬಾಗಿಲ ಹಿಂದೆ ನಿಂತು ಹಿಮದ ಬಕೆಟ್ಟು ಹಿಡಿದಿದ್ದಳು. ಎಲ್ಲ ಕೇಳಿಸಿಕೊಂಡು, ಒಳಗೆ ಬಂದು, ಎದೆಲ್ಮೀರಾಗೆ ಕೂರಲು ಸ್ಟೂಲು ಕೊಟ್ಟಳು. ನನಗಾದರೆ ಅದೇ ಸ್ಟೂಲನ್ನು ಎಸೆಯಬೇಕು ಅನ್ನಿಸಿತ್ತು.

ಮನೆಯ ಪಾಡು ಕೇಳುತ್ತೀಯಾ? ಒಲೆ ಇಲ್ಲ, ನೀರೂ ಇಲ್ಲ. ಇಬ್ಬರೂ ಅಡಿಗೆಮನೆಯಲ್ಲೇ ಒಂದು ಹಾಸಿಗೆಯಲ್ಲಿ ಬಿದ್ದುಕೊಂಡಿದ್ದೇವೆ, ಬಾಗಿಲಿಗೆ ನಿನ್ನ ಅಜ್ಜನ ಪೋಂಚೋ ಕಂಬಳಿ ಕಟ್ಟಿದ್ದೇವೆ. ಚರ್ಚಿನವರು ಕೊಟ್ಟ ಸೀಮೆಎಣ್ಣೆ ಹೀಟರು ಇದೆ, ಅಡಿಗೆಯೂ ಅದರ ಮೇಲೇ, ಹಚ್ಚಿದರೆ ತಲೆನೋವು, ಆರಿಸಿದರೆ ಹಲ್ಲು ಕಟಕಟ. ಪಾತ್ರೆಯ ತುಂಬ ಹಿಮ ಕರಗಿಸಿದರೆ ತಳಕ್ಕೆ ಒಂದಿಷ್ಟು ನೀರು, ಅದರಲ್ಲೂ ಕಸ. ಕಕ್ಕಸಿನ ಪಿಂಗಾಣಿ ಹೆಪ್ಪುಗಟ್ಟಿ ಸೀಳಿದೆ, ಸೌದೆ ಕೊಟ್ಟಿಗೆಯಲ್ಲಿ ಬಕೆಟ್ಟು ಇಟ್ಟಿದ್ದೇವೆ. ಅದನ್ನು ಹೊರಗೆ ಚೆಲ್ಲಿ ಬರುವವಳು ಯಾಸ್ನಾ. ನನ್ನ ಮಂಡಿ ಮಂಜುಗಡ್ಡೆಯ ಮೇಲೆ ನಿಲ್ಲುವುದಿಲ್ಲ.

ಪ್ಲಂಬರ್ ಅಬ್ದೋನ್ ಬಂದು ಗೋಡೆ ತಟ್ಟಿ ನೋಡಿದ. "ದೋನ್ಯಾ ಜುನಿಲ್ದಾ, ಪೈಪು ಉದ್ದಕ್ಕೂ ಬಾಯಿಬಿಟ್ಟಿದೆ. ನೆಲ ಕರಗೋವರೆಗೂ ಅಗೆಯೋಕಾಗಲ್ಲ."

"ಯಾವಾಗ ಕರಗುತ್ತೆ?"

"ಅದು ಮೇಲಿನವನ ಕೈಲಿದೆ."

"ಮೇಲಿನವನು ಪ್ಲಂಬರ್ ಅಲ್ಲ, ನೀನು ಪ್ಲಂಬರ್."

ಅವನಿಗೆ ನಗು ಬಂತು, ಸೂರಿಗೆ ಕಚ್ಚಿದ ಮುಚ್ಚಳ ನೋಡಿ ನಿಂತಿತು. ಹೊಸ ಸುರುಳಿ ತರಿಸುತ್ತೇನೆ, ವಸಂತ ಬರಲಿ ಎಂದ. ಹಾಗೇ ಹೋಗುವಾಗ ಯಾಸ್ನಾಳ ಕಡೆ ತಿರುಗಿ "ನೀವು ಹಡಗಿಗೆ ಹೋಗ್ತೀರಂತೆ" ಎಂದ. ಅವನ ಮನೆಯಲ್ಲೂ ರೇಡಿಯೊ ಇದೆಯಲ್ಲ.

ಹೌದು, ಹೋಗುತ್ತಾಳೆ. ಸಾಮಾನು ಕಟ್ಟಿ ಆಗಿದೆ, ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು ಗೋಡೆಗೆ ಒರಗಿಸಿದ್ದಾಳೆ. ಆಗಸ್ಟಿನ ಮೊದಲ ಹಡಗಿಗೆ. ನಾನು ಕೇಳಿದೆ: "ಪೈಪು ಸರಿಯಾಗೋವರೆಗಾದ್ರೂ ಇರಲ್ವೇನೇ?"

"ಹಡಗು ಕಾಯಲ್ಲ ಅಜ್ಜಿ."

"ನಾನು ಇರು ಅಂದ್ರೆ?"

"ನೀವು ಅಂದ್ರೆ ಸಾಲದು. ಹೋಗು ಅಂದಿದ್ದು ಅವರು. ಅವರೇ ಇರು ಅನ್ನಬೇಕು." ಪೆಟ್ಟಿಗೆಯ ಹಗ್ಗದ ಗಂಟು ಇನ್ನೊಮ್ಮೆ ಬಿಗಿದು, "ನಾನೇ ಅವರಾಗಿದ್ರೂ ಹಾಗೇ ಹೇಳ್ತಿದ್ನೇನೋ" ಎಂದಳು.

ನನಗೆ ಅವಳ ಮೇಲೆ ಮುದ್ದು ಉಕ್ಕುತ್ತಿದೆ ಎಂದು ತಿಳಿಯಬೇಡ. ಸೂಪಿಗೆ ಅತಿಯಾಗಿ ಮೆಣಸು ಹಾಕುತ್ತಾಳೆ. ಕುರಿಮಾಂಸವನ್ನು ಚರ್ಮದ ಹಾಗೆ ಬೇಯಿಸುತ್ತಾಳೆ. ಮಣ್ಣು ಮಾಡಿ ಬಂದ ದಿನ ನಾನು ಅವಳ ಕಡೆ ತಿರುಗಿಯೂ ನೋಡಲಿಲ್ಲ, ಅವಳು ಕೊಟ್ಟ ಮಾಟೆ ಕಷಾಯವನ್ನು ಮುಟ್ಟಲಿಲ್ಲ. ಆದರೂ ಮರುದಿನ ಎದ್ದು ನೋಡಿದರೆ ನನ್ನ ಬೂಟಿನೊಳಗೆ ಬಿಸಿ ಕಲ್ಲು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು. ಇದನ್ನು ಯಾರು ಹೇಳಿಕೊಟ್ಟರೋ, ನಾನಂತೂ ಅಲ್ಲ.

ನಿನ್ನ ದುಃಖ ನನಗೆ ಗೊತ್ತು. ಅಪ್ಪನಿಲ್ಲದ ನಿನ್ನನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದವನು ಅವನು. ಯಾರ ಮೇಲಾದರೂ ಹಾಕಬೇಕು ಅನ್ನಿಸುತ್ತದೆ. ದೂರದವಳು, ಹೊಸಬಳು, ಸುಲಭಕ್ಕೆ ಸಿಕ್ಕಿದಳು. ಹಾಗೆ ಮಾಡಬೇಡ. ಅವನು ಆ ಬೆಳಿಗ್ಗೆ ಅವಸರ ಮಾಡಿದ್ದು ಅವಳು ಬೆಚ್ಚಗಿರಲಿ ಎಂದು. ಅವನು ಕಾಪಾಡಲು ಹೋದವಳನ್ನು ನೀನು ಹೊರಗಟ್ಟಿದರೆ, ಅವನ ಸಾವು ಬರೀ ಪೈಪು ಒಡೆದು ಆದ ಸಾವಾಗುತ್ತದೆ.

ಕೈಕಾಲು ಜೋಪಾನ. ಒದ್ದೆ ಉಣ್ಣೆ ಮೈಮೇಲೆ ಒಣಗಿಸಬೇಡ. ಸಮುದ್ರ ನಿನ್ನನ್ನು ಇದ್ದ ಹಾಗೇ ಹಿಂತಿರುಗಿಸಲಿ, ದೇವಮಾತೆ ನಿನ್ನ ದೋಣಿಯ ಮೇಲೊಂದು ಕಣ್ಣಿಡಲಿ, ನಿನ್ನ ತಲೆಗೆ ಸ್ವಲ್ಪ ಬುದ್ಧಿಯನ್ನೂ ಹಾಕಲಿ.

ನಿನ್ನನ್ನು ಸಾಕಿದ,
ಜುನಿಲ್ದಾ ಅಜ್ಜಿ

ಮತ್ತೆ: ಇದನ್ನು ಬರೆಯುವುದಿಲ್ಲ ಎಂದುಕೊಂಡಿದ್ದೆ. ಆಸ್ಪತ್ರೆಯಲ್ಲಿ ನರ್ಸು ಬಂದು, ಒಬ್ಬರೇ ಒಳಗೆ ಬನ್ನಿ, ತಡ ಮಾಡಬೇಡಿ ಎಂದಳು. ನಾನು ಬಾಗಿಲವರೆಗೆ ಹೋದೆ. ಕಣ್ಣು ಮುಖಕ್ಕೆಲ್ಲ ಬಟ್ಟೆ ಸುತ್ತಿದ್ದರು. ಕಂಡದ್ದು ಬಾಯಿ ಮಾತ್ರ, ಅದೂ ಅವನದಲ್ಲ ಅನ್ನಿಸಿತು. ನನ್ನ ಕಾಲು ಏಳಲಿಲ್ಲ. ಯಾಸ್ನಾಳನ್ನು ಒಳಗೆ ನೂಕಿದೆ. ಅವನು "ಜುನಿ, ಇದ್ದೀಯಾ?" ಎಂದು ಕೇಳಿದ. ಅವಳು ಒಂದು ಗಳಿಗೆ ನನ್ನ ಕಡೆ ನೋಡಿದಳು. ಆಮೇಲೆ ಅವನ ಕೈ ಹಿಡಿದು, ದನಿ ದಪ್ಪ ಮಾಡಿ, "ಇದ್ದೀನಿ ಕಣೋ ಮುದುಕಾ, ಎಲ್ಲಿಗೆ ಹೋಗ್ಲಿ" ಎಂದಳು. ನಾನೇ ಅಂದ ಹಾಗಿತ್ತು. ಅವನು ಅವಳನ್ನು ಹತ್ತಿರಕ್ಕೆ ಎಳೆದುಕೊಂಡು ಏನೋ ಹೇಳಿದ. ಬಾಗಿಲ ತನಕ ಕೇಳಿಸಲಿಲ್ಲ. ಆಮೇಲೆ ಹೋದ.

ಊರೆಲ್ಲ ಕೊಂದವಳು ಎಂದರೂ ಅವಳು ಇದನ್ನು ಯಾರ ಮುಂದೆಯೂ ಎತ್ತಿಲ್ಲ, ನನ್ನ ಮುಂದೆಯೂ ಎತ್ತಿಲ್ಲ. ಅವನು ಹೇಳಿದ್ದು ನನಗೆ ಹೇಳಿದ ಮಾತು, ಎಲಿಯೆಸೆರ್. ಅದು ಅವಳ ಹತ್ತಿರ ಇದೆ. ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ, ಬರುತ್ತದೆ, ಅದಕ್ಕೆ ಅವಳು ಈ ಮನೆಯಲ್ಲಿ ಇರಬೇಕು. ನಿನ್ನ ಕೈಯಾರೆ ಅವಳಿಗೆ ಬರೆ. ಆಗಸ್ಟ್ ಹುಟ್ಟುವ ಮೊದಲು ಆ ಕಾಗದ ಇಲ್ಲಿ ಬಂದಿರಬೇಕು.